ಎಲಿಯಟ್ ನೆಸ್ ಆತ್ಮಕಥೆ: ಎಷ್ಟು ನಿಜ, ಎಷ್ಟು ಕಟ್ಟಿದ್ದು?

ಹಳೇಪುಟ:
ಎಲಿಯಟ್ ನೆಸ್ ಮತ್ತು ಆಸ್ಕರ್ ಫ್ರೇಲಿ ಇಬ್ಬರ ಹೆಸರಲ್ಲಿ 1957ರಲ್ಲಿ ಬಂದ ‘ದಿ ಅನ್‌ಟಚಬಲ್ಸ್’ ಬಗ್ಗೆ ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಅಮೆರಿಕದ ಪಾನನಿಷೇಧದ ಕಾಲದಲ್ಲಿ ಶಿಕಾಗೋದ ಅಲ್ ಕಪೋನ್ ಗ್ಯಾಂಗಿನ ಬಿಯರ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿದ ಅಧಿಕಾರಿಯ ಕಥೆ ಇದು. ಓದುತ್ತಾ ಹೋದರೆ ಕಪೋನ್ ಬಿದ್ದದ್ದೇ ಈ ಹತ್ತು ಜನರ ತಂಡದಿಂದ ಅನ್ನಿಸುತ್ತೆ. ಆದರೆ ಅವನು ಜೈಲಿಗೆ ಹೋದದ್ದು ಆದಾಯ ತೆರಿಗೆ ಕೇಸಲ್ಲಿ. ಕನ್ನಡದಲ್ಲಿ ಇದರ ಪರಿಚಯ ಬರೆಯೋದಾದರೆ ಯಾವ ಭಾಗವನ್ನು ನಂಬಬಹುದು? ಪೀಪಾಯಿ ಹಿಂಬಾಲಿಸೋದು, ಟೆಲಿಫೋನ್ ಕದ್ದು ಕೇಳೋದು ಇವೆಲ್ಲ ಪುಸ್ತಕದಲ್ಲಿ ಹೇಳಿದ ಹಾಗೆ ನಡೆಯೋ ಕೆಲಸವೇ?

ತುಂಗಾತೀರ:
ಮೊದಲು ಬರೆದವರು ಯಾರು ಅನ್ನೋದು ಸ್ಪಷ್ಟ ಆಗಲಿ. ನೆಸ್ ತೀರಿಕೊಂಡದ್ದು 1957ರ ಮೇ 16ಕ್ಕೆ, ಪೆನ್ಸಿಲ್ವೇನಿಯಾದ ಕೌಡರ್ಸ್‌ಪೋರ್ಟ್ ಅನ್ನೋ ಸಣ್ಣ ಊರಲ್ಲಿ, ಹೃದಯಾಘಾತದಿಂದ, 54ನೇ ವಯಸ್ಸಿಗೆ. ಪುಸ್ತಕ ಅಂಗಡಿಗೆ ಬಂದದ್ದು ಆಮೇಲೆ. ಫ್ರೇಲಿ ಸುದ್ದಿಸಂಸ್ಥೆಯ ಕ್ರೀಡಾ ವರದಿಗಾರ. ನೆಸ್ ಕೈಯಿಂದ ಬಂದದ್ದು ಇಪ್ಪತ್ತು ಚಿಲ್ಲರೆ ಪುಟದ ಟಿಪ್ಪಣಿ, ಜೊತೆಗೆ ಪತ್ರಿಕೆಯ ತುಣುಕುಗಳು, ಮಾತುಕತೆ. ಸಂಭಾಷಣೆ, ಬೆನ್ನಟ್ಟೋ ದೃಶ್ಯ, ಅಧ್ಯಾಯದ ಕೊನೆಗೆ ಬರೋ ಕುತೂಹಲ ಇವೆಲ್ಲ ಫ್ರೇಲಿ ಕೈಚಳಕ.

ಕಾಲಾನುಕ್ರಮವನ್ನಂತೂ ಧಾರಾಳವಾಗಿ ಹಿಂದೆ ಮುಂದೆ ಮಾಡಿದ್ದಾರೆ. ಉದಾಹರಣೆಗೆ, ನೆಸ್ ಜೊತೆ ಕೆಲಸ ಮಾಡುತ್ತಿದ್ದ ಫ್ರಾಂಕ್ ಬಾಸಿಲೆ ಕೊಲೆಯಾದದ್ದು 1928ರ ಡಿಸೆಂಬರಲ್ಲಿ, ಶಿಕಾಗೋ ಹೈಟ್ಸ್ ತನಿಖೆ ನಡೆಯುತ್ತಿದ್ದಾಗ. ವಿಶೇಷ ತಂಡ ಕಟ್ಟಿದ್ದು 1930ರ ಕೊನೆಗೆ. ಪುಸ್ತಕದಲ್ಲಿ ಎರಡೂ ಒಂದೇ ಕಥೆಯೊಳಗೆ ಸೇರಿಕೊಂಡಿವೆ. ತಂಡದವರೆಲ್ಲ ಮೂವತ್ತರ ಒಳಗಿನ ಅವಿವಾಹಿತರೇ ಆಗಿರಬೇಕು ಅಂತ ನೆಸ್ ಷರತ್ತು ಹಾಕಿದ್ದ ಅಂತಾನೂ ಬರುತ್ತೆ. ತಂಡದಲ್ಲಿದ್ದ ಬಿಲ್ ಗಾರ್ಡ್ನರ್ ಹುಟ್ಟಿದ್ದು 1884ರಲ್ಲಿ. ನೀವೇ ಲೆಕ್ಕ ಹಾಕಿ.

ಬೆಳ್ಳಿಚುಕ್ಕಿ:
ಹಾಗಿದ್ದರೆ ಇದನ್ನ ಆತ್ಮಕಥೆ ಅಂತ ಕರೆಯೋದೇ ತಪ್ಪು.

ತುಂಗಾತೀರ:
ಪೂರ್ತಿ ತಪ್ಪಲ್ಲ ಮೇಡಂ. ನೆಸ್ ಬರೆದ ಟಿಪ್ಪಣಿಯಲ್ಲಿ ಕೆಲಸದ ವಿವರ ಗಟ್ಟಿಯಾಗಿದೆ. ಅವನ ತುಣುಕು ಪುಸ್ತಕಗಳನ್ನು ಕ್ಲೀವ್‌ಲ್ಯಾಂಡಿನ ವೆಸ್ಟರ್ನ್ ರಿಸರ್ವ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಕಾಪಾಡಿದ್ದಾರೆ. ದಾಳಿಗಳು ಆದದ್ದು ನಿಜ, ವಶಪಡಿಸಿಕೊಂಡ ಲಾರಿಗಳೂ ನಿಜ. ಯಾವ ದಿನ, ಯಾರು ಯಾರಿಗೆ ಏನಂದರು ಅನ್ನೋ ಕಡೆ ಮಾತ್ರ ಕೈತಡೆದು ಓದಬೇಕು.

ಕಟ್ಟಿಗೆಮಿಲ್ಲು:
ಪೀಪಾಯಿ ಹಿಂಬಾಲಿಸಿದ ಭಾಗ ಇಡೀ ಪುಸ್ತಕದಲ್ಲೇ ನಂಬಬಹುದಾದದ್ದು. ಅದು ಯಾಕೆ ಕೆಲಸ ಮಾಡುತ್ತೆ ಅಂತ ಹೇಳ್ತೀನಿ.

ಅಮೆರಿಕದ ಬಿಯರ್ ಪೀಪಾಯಿ ಅಂದರೆ 31 ಗ್ಯಾಲನ್, ಸುಮಾರು 117 ಲೀಟರ್. ಆಗಿನ ಶಿಕಾಗೋದಲ್ಲಿ ಒಂದು ಪೀಪಾಯಿ ಬಿಯರಿಗೆ ಗ್ಯಾಂಗು ಬಾರಿನವನಿಂದ 55 ಡಾಲರ್ ವಸೂಲಿ ಮಾಡ್ತಿತ್ತು. ಪೀಪಾಯಿ ಓಕ್ ಮರದ್ದು, ಒಳಗೆ ರಾಳ ಬಳಿದಿರುತ್ತೆ. ಒಂದು ಸಲ ಬಳಸಿ ಬಿಸಾಡೋ ಸಾಮಾನಲ್ಲ ಅದು. ಖಾಲಿಯಾದ ಮೇಲೆ ವಾಪಸ್ ಬರಲೇಬೇಕು. ಬಂದದ್ದನ್ನು ಬಿಸಿನೀರು, ಹಬೆ ಹಾಕಿ ತೊಳೆಯದಿದ್ದರೆ ತಳದ ಗಸಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಮುಂದಿನ ಬಿಯರ್ ಹುಳಿಯಾಗುತ್ತೆ. ಹಾಗಾಗಿ ಗ್ಯಾಂಗು ಬಿಯರನ್ನು ಎಷ್ಟು ಗುಟ್ಟಾಗಿ ಸಾಗಿಸಿದರೂ ಖಾಲಿ ಪೀಪಾಯಿ ಅಷ್ಟೇ ದಾರಿ ಹಿಂದಕ್ಕೆ ನಡೆಯಬೇಕು. ತುಂಬಿದ ಲಾರಿಗೆ ಕಾವಲಿರುತ್ತೆ, ಖಾಲಿ ಲಾರಿಗೆ ಅಷ್ಟು ಇರಲ್ಲ. ನೆಸ್ ತಂಡ ಹಿಡಿದದ್ದು ಈ ಎಳೆಯನ್ನೇ. ಬಾರಿನ ಹಿಂಬಾಗಿಲಲ್ಲಿ ಕಾದು, ಖಾಲಿ ಪೀಪಾಯಿ ಹೇರಿದ ಲಾರಿ ಹಿಂದೆ ಹೋಗಿ, ಮೊದಲು ತೊಳೆಯೋ ಜಾಗ ಪತ್ತೆ ಮಾಡೋದು. ಅಲ್ಲಿಂದ ತೊಳೆದ ಪೀಪಾಯಿ ಎಲ್ಲಿಗೆ ಹೋಗುತ್ತೋ ಅದೇ ಕಾರ್ಖಾನೆ.

ಕೆಡೋದು ಎಲ್ಲಿ ಅಂದರೆ ಹಿಂಬಾಲಿಸುವಾಗ. ಒಂದೇ ಕಾರು ಪೂರ್ತಿ ದೂರ ಹಿಂದೆ ಬಿದ್ದರೆ ಲಾರಿ ಚಾಲಕನಿಗೆ ಕನ್ನಡಿಯಲ್ಲೇ ಗೊತ್ತಾಗುತ್ತೆ. ಒಂದೆರಡು ತಿರುವು ಹಿಂಬಾಲಿಸಿ ಬಿಟ್ಟುಬಿಡಬೇಕು, ಮರುದಿನ ಅದೇ ತಿರುವಿನಲ್ಲಿ ಬೇರೆ ಕಾರು ಕಾಯಬೇಕು. ದಾರಿಯನ್ನು ತುಂಡುತುಂಡಾಗಿ ಜೋಡಿಸೋ ಕೆಲಸ ಇದು, ಬಹಳ ನಿಧಾನ. ತಂಡದ ಜೋ ಲೀಸನ್ ಹೆಸರು ಮಾಡಿದ್ದೇ ಈ ಕೆಲಸದಲ್ಲಿ.

ಧಾರವಾಡ_ಪೇಡೆ:
ಅಲ್ರೀ ಸರ, ಬಿಯರ್ ಕಾರ್ಖಾನೆ ಊರ ನಡುವ ಯಾಕ ಇಟ್ಟಿದ್ರು? ಹಳ್ಳ್ಯಾಗ ಇಟ್ಟಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲಲ್ಲ?

ಕಟ್ಟಿಗೆಮಿಲ್ಲು:
ಒಳ್ಳೇ ಪ್ರಶ್ನೆ. ವಿಸ್ಕಿಯಲ್ಲಿ ನೂರಕ್ಕೆ ನಲವತ್ತು ಭಾಗ ಮದ್ಯಸಾರ. ಬಿಯರಲ್ಲಿ ನಾಲ್ಕೋ ಐದೋ, ಉಳಿದದ್ದೆಲ್ಲ ನೀರು. ನೀರನ್ನು ಇನ್ನೂರು ಮೈಲಿ ಹೊತ್ತರೆ ಲಾಭ ರಸ್ತೆಯಲ್ಲೇ ಖರ್ಚಾಗುತ್ತೆ, ದಾರಿಯಲ್ಲಿ ಸಿಕ್ಕಿಬೀಳೋ ಸಾಧ್ಯತೆಯೂ ಹೆಚ್ಚು. ಕೆನಡಾದ ವಿಸ್ಕಿ ದೋಣಿಯಲ್ಲಿ ಬರಬಹುದು, ಬಿಯರ್ ಮಾತ್ರ ಕುಡಿಯೋರ ಹತ್ತಿರವೇ ತಯಾರಾಗಬೇಕು. ಅದಕ್ಕೇ ಕಪೋನ್ ವ್ಯವಹಾರದಲ್ಲಿ ಅಲುಗಾಡಿಸಲಾಗದ ಆಸ್ತಿ ಅಂದರೆ ಬ್ರೂವರಿ. ಸಾವಿರಾರು ಲೀಟರ್ ಹಿಡಿಯೋ ತೊಟ್ಟಿಗಳನ್ನು ರಾತ್ರೋರಾತ್ರಿ ಎತ್ತಿಕೊಂಡು ಓಡೋಕೆ ಆಗಲ್ಲ.

ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಯನ್ನು, ಸುಮಾರು 65ರಿಂದ 67 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ನೆನೆಸಬೇಕು. ಸೋಸಿದ ರಸವನ್ನು ಹಾಪ್ಸ್ ಹೂವಿನ ಜೊತೆ ಒಂದು ಒಂದೂವರೆ ಗಂಟೆ ಕುದಿಸಿ, ತಣಿಸಿ, ಯೀಸ್ಟ್ ಹಾಕಿ ವಾರಗಟ್ಟಲೆ ಹುದುಗಿಸಬೇಕು. ಕುದಿಸುವಾಗ ಏಳೋ ಹಬೆ ಬೀದಿಯವರೆಗೂ ಮೊಳಕೆ ಕಾಳಿನ ವಾಸನೆ ತರುತ್ತೆ. ಉಳಿದ ಹಿಂಡಿ ರಾಶಿಗಟ್ಟಲೆ ಬೀಳುತ್ತೆ, ಅದನ್ನು ಎಲ್ಲಾದರೂ ಸಾಗಿಸಲೇಬೇಕು. ನೀರು, ಕರೆಂಟು, ತಣಿಸೋ ಯಂತ್ರ ಎಲ್ಲ ಬೇಕು. ಗೋದಾಮಿನ ಬೋರ್ಡು ಹಾಕಿದ ಮಾತ್ರಕ್ಕೆ ಇದೆಲ್ಲ ಅಡಗಲ್ಲ. ಲ್ಯಾಗರ್ ಜಾತಿಯ ಬಿಯರ್ ಆದರೆ ಮಾಗಲು ಇನ್ನೂ ಕೆಲವು ವಾರ ತಣ್ಣಗೆ ಇಡಬೇಕು. ಗ್ಯಾಂಗಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮಾಗದ ಹಸಿ ಬಿಯರಿಗೆ ಗ್ಯಾಸ್ ತುಂಬಿ ಕಳಿಸಿಬಿಡ್ತಿದ್ದರು.

ರಸಾಯನಿ:
ಇದಕ್ಕೊಂದು ಸೇರಿಸ್ತೀನಿ. ಕಾನೂನು ಅರ್ಧ ಪರ್ಸೆಂಟ್ ಒಳಗಿನ ಮದ್ಯಸಾರ ಇರೋ ‘ನಿಯರ್ ಬಿಯರ್’ಗೆ ಅನುಮತಿ ಕೊಟ್ಟಿತ್ತು. ಅದನ್ನು ತಯಾರಿಸೋ ಕ್ರಮ ನೋಡಿ: ಮೊದಲು ಅಸಲಿ ಬಿಯರ್ ಮಾಡಿ, ಆಮೇಲೆ ಕಾಯಿಸಿ ಮದ್ಯಸಾರ ಹಾರಿಸಬೇಕು. ಅಂದರೆ ಲೈಸೆನ್ಸ್ ಇರೋ ಕಾರ್ಖಾನೆಯ ತೊಟ್ಟಿಯಲ್ಲೂ ಪೂರ್ತಿ ಬಲದ ಬಿಯರ್ ಇದ್ದೇ ಇರುತ್ತೆ. ಅದನ್ನು ಹಿಂಬಾಗಿಲಿಂದ ದಾಟಿಸೋದು ಒಂದು ದಾರಿ. ಇನ್ನೊಂದು, ತೆಳು ಬಿಯರ್ ಪೀಪಾಯಿಗೆ ಸೂಜಿಯಲ್ಲಿ ಮದ್ಯಸಾರ ಚುಚ್ಚೋದು. ಅದಕ್ಕೆ ‘ನೀಡಲ್ ಬಿಯರ್’ ಅಂತಲೇ ಹೆಸರಿತ್ತು. ಚುಚ್ಚಿದ ಮದ್ಯಸಾರ ಎಲ್ಲಿಂದ ಬಂತು ಅನ್ನೋದರ ಮೇಲೆ ಕುಡಿದವನ ಕಣ್ಣು ಉಳಿಯೋದು ನಿಂತಿತ್ತು.

ಕಾನೂನುಕಟ್ಟೆ:
ದಾಳಿಯ ಬಗ್ಗೆ. ಪುಸ್ತಕದಲ್ಲಿ ಉಕ್ಕಿನ ಬಂಪರ್ ಕಟ್ಟಿದ ಹತ್ತು ಟನ್ ಲಾರಿ ಬಾಗಿಲಿಗೆ ಗುದ್ದೋದು ಎಲ್ಲರಿಗೂ ನೆನಪಿರುತ್ತೆ. ಅದರ ಹಿಂದೆ ಲೆಕ್ಕಾಚಾರ ಇದೆ. ಮರದ ಬಾಗಿಲ ಹಿಂದೆ ಉಕ್ಕಿನ ಬಾಗಿಲು ಇರ್ತಿತ್ತು. ಕೊಡಲಿ, ಹಾರೆ ಹಿಡಿದು ನಿಂತರೆ ಒಳಗಿನವರಿಗೆ ಮೇಲ್ಛಾವಣಿ ಹತ್ತಿ ಓಡಲು ಐದಾರು ನಿಮಿಷ ಸಿಗ್ತಿತ್ತು. ಆಳು ಸಿಗದೆ ಬರೀ ತೊಟ್ಟಿ ಸಿಕ್ಕರೆ ಕೇಸು ಯಾರ ಮೇಲೆ ಹಾಕೋದು? ಲಾರಿ ಬಂದದ್ದು ಆ ನಿಮಿಷಗಳನ್ನು ಉಳಿಸೋಕೆ. ಜೊತೆಗೆ ಏಣಿ ಹಿಡಿದವರು ಮೇಲ್ಛಾವಣಿಗೆ, ಇಬ್ಬರು ಹಿಂಬಾಗಿಲಿಗೆ, ಎಲ್ಲರ ಗಡಿಯಾರವೂ ಒಂದೇ ಸಮಯಕ್ಕೆ.

ಸಿನಿಮಾ ನೋಡಿದವರು ದಾಳಿ ಅಂದರೆ ಕೊಡಲಿಯಲ್ಲಿ ಪೀಪಾಯಿ ಒಡೆಯೋದು ಅಂದುಕೊಂಡಿದ್ದಾರೆ. ಒಡೆಯೋದು ಕೊನೆಗೆ. ಮೊದಲು ತೊಟ್ಟಿ ಎಷ್ಟು, ಒಂದೊಂದರಲ್ಲಿ ಎಷ್ಟು ಗ್ಯಾಲನ್ ಅಂತ ಅಳೆದು ಬರೀಬೇಕು. ಪ್ರತಿಯೊಂದರಿಂದ ಮಾದರಿ ತೆಗೆದು, ಬಾಟಲಿಗೆ ಸೀಲ್ ಹಾಕಿ, ತೆಗೆದವನ ಸಹಿ, ತಾರೀಖು ಅಂಟಿಸಬೇಕು. ಅರ್ಧ ಪರ್ಸೆಂಟ್ ದಾಟಿದೆ ಅಂತ ರಸಾಯನ ಪರೀಕ್ಷಕ ಹೇಳದಿದ್ದರೆ ಕೋರ್ಟಲ್ಲಿ ಅದು ಬರೀ ಜವೆ ನೀರು. ನಮ್ಮ ಅಬಕಾರಿಯವರು ಬೆಲ್ಲದ ಕೊಳೆ ಚೆಲ್ಲೋಕೆ ಮೊದಲು ಪಂಚನಾಮೆ ಬರೆದು ಮಾದರಿ ತೆಗೀತಾರಲ್ಲ, ಅದೇ ಕೆಲಸ.

ಬೆಳ್ಳಿಚುಕ್ಕಿ:
ಸಾಕ್ಷ್ಯ ಅಂದಾಗ ನ್ಯೂಯಾರ್ಕಿನ ಪಾನನಿಷೇಧ ಏಜೆಂಟ್ ಇಜ್ಜಿ ಐನ್‌ಸ್ಟೈನ್ ನೆನಪಾಗ್ತಾನೆ. ಬಾರಿಗೆ ಹೋಗಿ ಗ್ಲಾಸು ತೆಗೆದುಕೊಂಡರೆ ಕುಡಿದ ಮೇಲೆ ಸಾಕ್ಷ್ಯ ಹೊಟ್ಟೆಯಲ್ಲಿರುತ್ತೆ. ಕೈಯಲ್ಲೇ ಹಿಡಿದರೆ ಮಾಲೀಕ ಕಿತ್ತು ಚೆಲ್ಲುತ್ತಾನೆ. ಅದಕ್ಕೆ ಅವನು ವೇಸ್ಟ್‌ಕೋಟಿನ ಜೇಬಲ್ಲಿ ಸಣ್ಣ ಆಲಿಕೆ ಇಟ್ಟು, ಅದಕ್ಕೊಂದು ರಬ್ಬರ್ ಕೊಳವೆ ಜೋಡಿಸಿ, ಕೋಟಿನ ಒಳಪದರದಲ್ಲಿ ಬಾಟಲಿ ಅಡಗಿಸಿದ್ದ. ಒಂದು ಗುಟುಕು ಬಾಯಿಗೆ, ಉಳಿದದ್ದು ಜೇಬಿಗೆ. 1920ರಿಂದ 1925ರವರೆಗೆ ಅವನೂ ಜೊತೆಗಾರ ಮೋ ಸ್ಮಿತ್ ಕೂಡಿ ಹಿಡಿದವರ ಲೆಕ್ಕ 4,932. ಅವನೂ 1932ರಲ್ಲಿ ತನ್ನ ನೆನಪುಗಳನ್ನು ಪುಸ್ತಕ ಮಾಡಿದ. ನೆಸ್ ಪುಸ್ತಕಕ್ಕೆ ಹೋಲಿಸಿ ಓದಲು ಅದು ಚೆನ್ನಾಗಿದೆ.

ತಂತಿಮನೆ:
ಟೆಲಿಫೋನ್ ಕದ್ದಾಲಿಕೆಗೆ ಬರ್ತೀನಿ. ಪುಸ್ತಕದಲ್ಲಿ ಸಿಸೆರೋ ಊರಿನ ಮೊಂಮಾರ್ತ್ರ್ ಕೆಫೆಯಲ್ಲಿ ಕಪೋನ್ ಅಣ್ಣ ರಾಲ್ಫ್ ಬಳಸುತ್ತಿದ್ದ ಫೋನಿಗೆ ತಂತಿ ಹಾಕಿದ ಪ್ರಸಂಗ ಇದೆ. ಕೆಲವರು ಕಾರಲ್ಲಿ ಸುತ್ತಾಡಿ ಕಾವಲಿನವರನ್ನು ತಮ್ಮ ಹಿಂದೆ ಎಳೆದುಕೊಂಡು ಹೋದರು, ಅಷ್ಟರಲ್ಲಿ ಪಾಲ್ ರಾಬ್‌ಸ್ಕಿ ಕಂಬ ಹತ್ತಿದ. ನಾಟಕೀಯವಾಗಿ ಬರೆದಿದ್ದಾರೆ, ಆದರೆ ತಾಂತ್ರಿಕ ಸಮಸ್ಯೆಯನ್ನು ಸರಿಯಾಗಿ ಹಿಡಿದಿದ್ದಾರೆ.

ಕಂಬದ ಪೆಟ್ಟಿಗೆಯಲ್ಲಿ ಆ ಬೀದಿಯ ಎಲ್ಲ ಫೋನುಗಳ ಜೋಡಿ ತಂತಿಗಳೂ ಸಾಲಾಗಿ ಬಂದು ತಿರುಪಿಗೆ ಸಿಕ್ಕಿಸಿರುತ್ತವೆ. ಯಾವುದರ ಮೇಲೂ ಹೆಸರು ಬರೆದಿರಲ್ಲ. ಬೇಕಾದ ಜೋಡಿ ಯಾವುದು? ಇದಕ್ಕೆ ದಾರಿ ಒಂದೇ: ಆ ಫೋನಲ್ಲಿ ನಿಮಗೆ ಗುರುತಿರೋ ದನಿ ಮಾತಾಡ್ತಾ ಇರಬೇಕು. ಒಳಗೆ ಗಿರಾಕಿ ಹಾಗೆ ಓಡಾಡಿಕೊಂಡಿದ್ದ ಏಜೆಂಟು ಫೋನಲ್ಲಿ ಮಾತು ಎಳೆಯುತ್ತಾ ಇರೋದು, ಮೇಲಿನವನು ಹೆಡ್‌ಸೆಟ್ಟಿನ ಎರಡು ತುದಿಯನ್ನು ಒಂದೊಂದೇ ಜೋಡಿಗೆ ತಾಗಿಸ್ತಾ ಆ ದನಿ ಸಿಗೋವರೆಗೆ ಹೋಗೋದು. ಸಿಕ್ಕ ಮೇಲೆ ಅಲ್ಲಿಂದ ಇನ್ನೊಂದು ಜೋಡಿಗೆ ಸೇತುವೆ ಕಟ್ಟಿ, ಕೂತು ಕೇಳೋ ಕೋಣೆಗೆ ಒಯ್ಯೋದು.

ತಪ್ಪು ಆಗೋದು ಇಲ್ಲೇ. ಸಾದಾ ಹ್ಯಾಂಡ್‌ಸೆಟ್ಟನ್ನು ನೇರ ಸಮಾನಾಂತರವಾಗಿ ಜೋಡಿಸಿದರೆ ಅದು ಲೈನಿನ ಕರೆಂಟನ್ನು ಹಂಚಿಕೊಳ್ಳುತ್ತೆ, ಮಾತಾಡೋರಿಗೆ ದನಿ ಸಣ್ಣಗಾಗುತ್ತೆ, ಜೋಡಿಸಿದ ಕ್ಷಣ ‘ಟಕ್’ ಅಂತ ಕೇಳುತ್ತೆ. ಹಾಗಾಗಿ ನೇರ ಕರೆಂಟನ್ನು ತಡೆಯೋ ಕಪಾಸಿಟರ್ ಒಂದನ್ನು ಮಧ್ಯೆ ಹಾಕಬೇಕು, ಹೆಚ್ಚು ರೋಧದ ಇಯರ್‌ಫೋನ್ ಬಳಸಬೇಕು. ಬಾಯಿ ಕಡೆಯ ಮೈಕು ಇರಲೇಬಾರದು, ಇದ್ದರೆ ನಿಮ್ಮ ಕೆಮ್ಮು ಅವರಿಗೆ ಕೇಳುತ್ತೆ.

ಕಾನೂನುಕಟ್ಟೆ:
ಕಾನೂನಿನ ದೃಷ್ಟಿಯಿಂದ ಇದು ಆಗ ಸರಿಯೇ ಇತ್ತು ಅನ್ನೋದನ್ನೂ ಹೇಳಬೇಕು. 1928ರ ಜೂನ್ 4ರಂದು ಓಮ್‌ಸ್ಟೆಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಲ್ಲಿ, ಮನೆಯೊಳಗೆ ಕಾಲಿಡದೆ ಹೊರಗಿನ ತಂತಿಗೆ ಕಿವಿ ಕೊಟ್ಟರೆ ಅದು ವಾರಂಟ್ ಬೇಕಾಗೋ ಶೋಧನೆ ಅಲ್ಲ ಅಂತ ತೀರ್ಪು ಕೊಟ್ಟಿತು. ಓಮ್‌ಸ್ಟೆಡ್ ಸಿಯಾಟಲ್ ಪೊಲೀಸ್ ಇಲಾಖೆಯಲ್ಲಿ ಲೆಫ್ಟಿನೆಂಟ್ ಆಗಿದ್ದವನು, ಆಮೇಲೆ ಮದ್ಯ ಸಾಗಿಸೋ ದೊಡ್ಡ ವ್ಯಾಪಾರಿ. ಅವನ ಫೋನ್ ಕೇಳಿ ಬರೆದ ಟಿಪ್ಪಣಿ ಟೈಪ್ ಮಾಡಿದಾಗ 775 ಪುಟ ಆಯಿತು. ನ್ಯಾಯಮೂರ್ತಿ ಬ್ರಾಂಡೈಸ್ ಬರೆದ ಭಿನ್ನಮತ ಅಂದು ಸೋತಿತು. 1967ರಲ್ಲಿ ಕ್ಯಾಟ್ಜ್ ಪ್ರಕರಣದಲ್ಲಿ ಕೋರ್ಟು ಆ ಹಳೇ ನಿಲುವನ್ನೇ ಕೈಬಿಟ್ಟಿತು. ಇದನ್ನು ಪರಿಚಯದಲ್ಲಿ ಒಂದು ಸಾಲಾದರೂ ಹಾಕಿ. ಇಲ್ಲದಿದ್ದರೆ ಇಂದಿನ ಓದುಗರಿಗೆ ನೆಸ್ ತಂಡ ಕಾನೂನು ಮುರಿದ ಹಾಗೆ ಕಾಣುತ್ತೆ.

ಲೆಕ್ಕಿಗ:
ಎಲ್ಲ ಸರಿ, ಆದರೆ ಕಪೋನನ್ನು ಹಿಡಿದದ್ದು ಪೀಪಾಯಿಯೂ ಅಲ್ಲ, ತಂತಿಯೂ ಅಲ್ಲ. ಲೆಕ್ಕದ ಪುಸ್ತಕ.

1927ರಲ್ಲಿ ಸಲಿವನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಕ್ರಮ ದಂಧೆಯ ಆದಾಯಕ್ಕೂ ತೆರಿಗೆ ಕಟ್ಟಬೇಕು, ರಿಟರ್ನ್ ಸಲ್ಲಿಸಬೇಕು ಅಂದಿತು. ಖಜಾನೆ ಇಲಾಖೆಯ ಎಲ್ಮರ್ ಐರಿ ಕೈಕೆಳಗಿನ ಫ್ರಾಂಕ್ ವಿಲ್ಸನ್ ಇದನ್ನೇ ಆಯುಧ ಮಾಡಿಕೊಂಡ. ಕಷ್ಟ ಏನಪ್ಪಾ ಅಂದರೆ ಕಪೋನ್ ಹೆಸರಲ್ಲಿ ಬ್ಯಾಂಕ್ ಖಾತೆ ಇಲ್ಲ, ಚೆಕ್ಕಿಗೆ ಸಹಿ ಇಲ್ಲ, ಎಲ್ಲ ನಗದು. ವಿಲ್ಸನ್ ಎರಡು ದಿಕ್ಕಿಂದ ಬಂದ. ಖರ್ಚಿನ ಕಡೆಯಿಂದ: ಫ್ಲಾರಿಡಾದ ಪಾಮ್ ಐಲ್ಯಾಂಡ್ ಮನೆ, ಸೂಟು, ಫೋನ್ ಬಿಲ್ಲು, ಮಯಾಮಿಗೆ ಹೋದ ತಂತಿ ಮನಿಯಾರ್ಡರ್. ಆದಾಯವೇ ಇಲ್ಲದವನು ಇಷ್ಟು ಖರ್ಚು ಮಾಡೋದು ಹೇಗೆ? ಇನ್ನೊಂದು, ಆದಾಯದ ಕಡೆಯಿಂದ. 1926ರಲ್ಲಿ ಸಹಾಯಕ ಸರ್ಕಾರಿ ವಕೀಲ ಮೆಕ್‌ಸ್ವಿಗಿನ್ ಕೊಲೆಯಾದ ಮೇಲೆ ನಡೆದ ದಾಳಿಗಳಲ್ಲಿ ಸಿಸೆರೋದ ಜೂಜುಕಟ್ಟೆಯ ಖಾತೆ ಪುಸ್ತಕಗಳು ಸಿಕ್ಕಿದ್ದವು. ಅವು ಯಾರೂ ನೋಡದೆ ಮೂಲೆಯಲ್ಲಿ ಬಿದ್ದಿದ್ದವು. ವಿಲ್ಸನ್ 1930ರಲ್ಲಿ ಅದನ್ನು ಬಿಚ್ಚಿದಾಗ ಲಾಭ ಹಂಚಿದ ಕಾಲಂಗಳಲ್ಲಿ ‘ಅಲ್’, ‘ರಾಲ್ಫ್’ ಅಂತ ಇತ್ತು.

ಆದರೆ ಹೆಸರು ಬರೆದಿದ್ದರೆ ಸಾಲದು, ಬರೆದ ಕೈ ಯಾರದು? ಅಕ್ಷರಗಳನ್ನು ಬೇರೆ ದಾಖಲೆಗಳ ಜೊತೆ ಹೋಲಿಸ್ತಾ ಹೋಗಿ ಲೆಸ್ಲಿ ಶಮ್‌ವೇ ಅನ್ನೋ ಗುಮಾಸ್ತನನ್ನು ಫ್ಲಾರಿಡಾದಲ್ಲಿ ಹಿಡಿದು ಸಾಕ್ಷಿ ಮಾಡಿಕೊಂಡರು. ಕ್ಯಾಷಿಯರ್ ಫ್ರೆಡ್ ರೀಸ್ ಜೂಜಿನ ಲಾಭವನ್ನು ಜೆ. ಸಿ. ಡನ್‌ಬಾರ್ ಅನ್ನೋ ಸುಳ್ಳು ಹೆಸರಲ್ಲಿ ಬ್ಯಾಂಕ್ ಚೆಕ್ಕಾಗಿ ಬದಲಾಯಿಸ್ತಿದ್ದ. ಅವನನ್ನೂ ಒಲಿಸಿಕೊಂಡರು, ವಿಚಾರಣೆವರೆಗೆ ಜೀವ ಉಳಿಯಲಿ ಅಂತ ದಕ್ಷಿಣ ಅಮೆರಿಕಕ್ಕೆ ಕಳಿಸಿಟ್ಟರು. ಇದರ ಮೇಲೆ ಕಪೋನನ ಸ್ವಂತ ತೆರಿಗೆ ವಕೀಲ ಮ್ಯಾಟಿಂಗ್ಲಿ ರಾಜಿಗೆಂದು ಬರೆದ ಪತ್ರದಲ್ಲಿ 1928, 1929ರ ಆದಾಯ ವರ್ಷಕ್ಕೆ ಒಂದು ಲಕ್ಷ ಡಾಲರ್ ಮೀರಲ್ಲ ಅಂತ ಒಪ್ಪಿಕೊಂಡುಬಿಟ್ಟಿದ್ದ. ಕಡಿಮೆ ತೋರಿಸೋಣ ಅಂತ ಹೋಗಿ ಆದಾಯ ಇತ್ತು ಅನ್ನೋದನ್ನೇ ಬರಹದಲ್ಲಿ ಕೊಟ್ಟ ಹಾಗಾಯಿತು.

1931ರ ಅಕ್ಟೋಬರ್ 17ರಂದು ಐದು ಆರೋಪ ಸಾಬೀತು. 24ರಂದು ನ್ಯಾಯಾಧೀಶ ವಿಲ್ಕರ್ಸನ್ 11 ವರ್ಷ ಜೈಲು, 50,000 ಡಾಲರ್ ದಂಡ ಹಾಕಿದರು. ನೆಸ್ ಪುಸ್ತಕದಲ್ಲಿ ಇದಕ್ಕೆ ಸಿಕ್ಕ ಜಾಗ ತೀರಾ ಕಡಿಮೆ. ವಿಲ್ಸನ್ ಕೆಲಸಕ್ಕೆ ಇದು ಅನ್ಯಾಯ.

ತುಂಗಾತೀರ:
ಅನ್ಯಾಯ ಹೌದು, ಆದರೆ ನೆಸ್ ಕೆಲಸ ಸೊನ್ನೆ ಅಂತ ಅಲ್ಲ. 1931ರ ಜೂನ್ 12ರಂದು ಕಪೋನ್ ಮತ್ತು ಅವನ ಅರವತ್ತಕ್ಕೂ ಹೆಚ್ಚು ಸಹಚರರ ಮೇಲೆ ಪಾನನಿಷೇಧ ಕಾನೂನು ಮುರಿಯೋ ಸಂಚಿನ ಕೇಸು ಬಿತ್ತು, 5,000 ಉಲ್ಲಂಘನೆಗಳ ಪಟ್ಟಿ ಸಮೇತ. ಅದು ಬಹುಮಟ್ಟಿಗೆ ನೆಸ್ ತಂಡದ ದುಡಿಮೆ. ಸರ್ಕಾರಿ ವಕೀಲ ಜಾರ್ಜ್ ಜಾನ್ಸನ್ ಅದನ್ನು ಕೈಯಲ್ಲಿಟ್ಟುಕೊಂಡು ತೆರಿಗೆ ಕೇಸನ್ನು ಮುಂದೆ ತಂದ. ಶಿಕಾಗೋದ ಜ್ಯೂರಿಯವರಲ್ಲಿ ಬಿಯರ್ ಕುಡಿಯೋರು ಕಡಿಮೆಯೇನಲ್ಲ, ಬಿಯರ್ ಮಾರಿದ್ದಕ್ಕೆ ಅವರು ಯಾರನ್ನೂ ಜೈಲಿಗೆ ಕಳಿಸೋ ಭರವಸೆ ಇರಲಿಲ್ಲ. ತೆರಿಗೆ ಕೇಸು ಬಿದ್ದುಹೋಗಿದ್ದರೆ ಎರಡನೇದು ಸಿದ್ಧ ಇತ್ತು. ದಾಳಿಗಳಿಂದ ಬಿಯರಿನ ಆದಾಯ ಕಡಿಮೆಯಾದಾಗ ಪೊಲೀಸರಿಗೆ ಹೋಗೋ ಮಾಮೂಲಿಗೂ ಪೆಟ್ಟು ಬಿತ್ತು.

ಲೆಕ್ಕಿಗ:
ಒಪ್ಪಲ್ಲ. ರಾಲ್ಫ್, ಗ್ಯಾಂಗಿನ ದೊಡ್ಡ ತಲೆಗಳಾದ ಜೇಕ್ ಗುಜಿಕ್, ಫ್ರಾಂಕ್ ನಿಟ್ಟಿ ಮೂವರೂ 1930ರಲ್ಲೇ ತೆರಿಗೆ ಕೇಸಲ್ಲಿ ಸಿಕ್ಕಿದ್ದರು. ಆಗ ನೆಸ್ ವಿಶೇಷ ತಂಡ ಇನ್ನೂ ಕಣ್ಣೇ ಬಿಟ್ಟಿರಲಿಲ್ಲ. ದಾರಿ ಮೊದಲೇ ಗೊತ್ತಿತ್ತು.

ತುಂಗಾತೀರ:
ಆ ವಾದದಲ್ಲಿ ಬಲ ಇದೆ, ಒಪ್ಪಿದೆ. ಆದರೂ ಒಂದು ಮಾತು. ವರ್ಷಕ್ಕೆ 3,000 ಡಾಲರ್ ಕೂಡ ಸಂಬಳ ಇಲ್ಲದ ನೆಸ್ ಮುಂದೆ ವಾರಕ್ಕೆ 2,000 ಡಾಲರ್ ಇಟ್ಟಾಗ ಬೇಡ ಅಂದ. ತಂಡದ ಲಹಾರ್ಟ್, ಸೀಗರ್ ತಮ್ಮ ಕಾರಿಗೆ ಎಸೆದ ಹಣದ ಕಟ್ಟನ್ನು ತಿರುಗಿ ಎಸೆದರು. ಪಾನನಿಷೇಧ ಇಲಾಖೆಯ ಏಜೆಂಟರೇ ಲಂಚಕ್ಕೆ ಕುಖ್ಯಾತರಾಗಿದ್ದ ದಿನಗಳು ಅವು. ಪತ್ರಿಕೆ ಕೊಟ್ಟ ‘ಅನ್‌ಟಚಬಲ್ಸ್’ ಹೆಸರು ಹುಟ್ಟಿದ್ದು ಅಲ್ಲಿಂದ, ಪುಸ್ತಕದ ಬೆಲೆ ಇರೋದೂ ಅಲ್ಲೇ.

ಬೆಳ್ಳಿಚುಕ್ಕಿ:
ಹೆಸರಿನ ಮಾತು ಬಂತಲ್ಲ. ದಯವಿಟ್ಟು ಯಾರೂ ಇದನ್ನ ‘ಅಸ್ಪೃಶ್ಯರು’ ಅಂತ ಅನುವಾದ ಮಾಡಬೇಡಿ. ಇಂಗ್ಲಿಷಲ್ಲಿ ಅದು ‘ಯಾರ ಹಣಕ್ಕೂ ಸಿಗದವರು’ ಅನ್ನೋ ಹೊಗಳಿಕೆ. ನಮ್ಮಲ್ಲಿ ಆ ಪದ ಜಾತಿಯ ಹೆಸರಲ್ಲಿ ಮನುಷ್ಯರನ್ನು ದೂರ ಇಟ್ಟ ಕ್ರೌರ್ಯದ ಹೆಸರು. ನಿಘಂಟು ನೋಡಿ ಹಾಕಿದರೆ ಅರ್ಥವೂ ಕೆಡುತ್ತೆ, ನೋವೂ ಆಗುತ್ತೆ.

ಧಾರವಾಡ_ಪೇಡೆ:
ಖರೆ ಅದ ಮೇಡಂ. ‘ಲಂಚ ಮುಟ್ಟದವರು’ ಅಂದ್ರ?

ಬೆಳ್ಳಿಚುಕ್ಕಿ:
ಹತ್ತಿರ ಬಂತು. ಆದರೆ ಅದು ಹಣಕ್ಕೆ ಮಾತ್ರ. ಬೆದರಿಕೆಗೂ ಜಗ್ಗಲಿಲ್ಲ ಅನ್ನೋದೂ ಬರಬೇಕು. ‘ಬಗ್ಗದವರು’ ನೋಡಿ.

ರಸಾಯನಿ:
ಸ್ವಲ್ಪ ಹಿಂದಕ್ಕೆ ಹೋಗಿ, ಕಣ್ಣು ಹೋಗೋ ವಿಷಯ ಹೇಳಿ ಮುಗಿಸ್ತೀನಿ. ಕಾರ್ಖಾನೆಗಳಿಗೆ ಬೇಕಾದ ಮದ್ಯಸಾರವನ್ನು ಜನ ಕುಡಿಯಬಾರದು ಅಂತ ಸರ್ಕಾರವೇ ಅದಕ್ಕೆ ಮೆಥನಾಲ್ ಅನ್ನೋ ವಿಷದ ಮದ್ಯಸಾರ ಬೆರೆಸಲು ಹೇಳ್ತಿತ್ತು. 1927ರಿಂದ ಒಂದು ಸೂತ್ರದಲ್ಲಿ ಅದರ ಪ್ರಮಾಣ ಎರಡು ಪಟ್ಟಾಗಿ ನೂರಕ್ಕೆ 4 ಭಾಗಕ್ಕೆ ಏರಿತು. ಕಳ್ಳರು ಅದನ್ನು ಬಟ್ಟಿ ಇಳಿಸಿ ಶುದ್ಧ ಮಾಡಲು ನೋಡ್ತಿದ್ದರು. ಮೆಥನಾಲ್ 64.7 ಡಿಗ್ರಿಗೆ ಕುದಿಯುತ್ತೆ, ಕುಡಿಯೋ ಮದ್ಯಸಾರ 78.4ಕ್ಕೆ. ಅಂತರ ಇದೆ, ಆದರೆ ಸಾದಾ ಭಟ್ಟಿಯಲ್ಲಿ ಎರಡೂ ಒಟ್ಟಿಗೇ ಬರುತ್ತವೆ, ಪೂರ್ತಿ ಬೇರೆಯಾಗಲ್ಲ. ದೇಹದೊಳಗೆ ಮೆಥನಾಲ್ ಫಾರ್ಮಾಲ್ಡಿಹೈಡ್ ಆಗಿ, ಫಾರ್ಮಿಕ್ ಆಮ್ಲ ಆಗಿ, ಕಣ್ಣಿನ ನರವನ್ನು ತಿನ್ನುತ್ತೆ. ನ್ಯೂಯಾರ್ಕಿನ ಮುಖ್ಯ ಶವಪರೀಕ್ಷಕ ಚಾರ್ಲ್ಸ್ ನಾರಿಸ್ ಸರ್ಕಾರದ ಈ ನೀತಿಯನ್ನು ಬಹಿರಂಗವಾಗಿ ಖಂಡಿಸಿದರು.

ಬೆಲ್ಲದ ಕಳ್ಳಭಟ್ಟಿಯಿಂದಲೇ ಕಣ್ಣು ಹೋಗುತ್ತೆ ಅನ್ನೋ ನಂಬಿಕೆ ನಮ್ಮಲ್ಲಿದೆ. ಬೆಲ್ಲ ಹುದುಗಿದಾಗ ಮೆಥನಾಲ್ ಹೆಚ್ಚು ಹುಟ್ಟಲ್ಲ. ಸಾಮೂಹಿಕ ಸಾವು ಬರೋದು ಕಾರ್ಖಾನೆಯ ಮೆಥನಾಲ್ ಬೆರೆಸಿದಾಗ. 1981ರಲ್ಲಿ ಬೆಂಗಳೂರಲ್ಲಿ 300ಕ್ಕೂ ಹೆಚ್ಚು ಜನ ಸತ್ತದ್ದು ಇದರಿಂದಲೇ.

ಹಳೇಪುಟ:
ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ. 1987ರ ಸಿನಿಮಾದಲ್ಲಿ ನೆಸ್ ನಿಟ್ಟಿಯನ್ನು ಮೇಲ್ಛಾವಣಿಯಿಂದ ತಳ್ತಾನೆ. ಪುಸ್ತಕದಲ್ಲಿ ಅದು ಇಲ್ಲ. ಆದದ್ದೇನು? ನೆಸ್, ಕಪೋನ್ ಮುಖಾಮುಖಿ ಆದದ್ದಾದರೂ ಇದೆಯಾ?

ಕಾನೂನುಕಟ್ಟೆ:
ನಿಟ್ಟಿ 1943ರ ಮಾರ್ಚಲ್ಲಿ ತಾನೇ ಗುಂಡು ಹಾರಿಸಿಕೊಂಡು ಸತ್ತ, ನೆಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಮುಖಾಮುಖಿ ಅಂದರೆ 1932ರ ಮೇ 3. ಕಪೋನನ್ನು ಕುಕ್ ಕೌಂಟಿ ಜೈಲಿಂದ ಡಿಯರ್‌ಬಾರ್ನ್ ರೈಲು ನಿಲ್ದಾಣಕ್ಕೆ ಕರೆದೊಯ್ದ ಬೆಂಗಾವಲಲ್ಲಿ ನೆಸ್ ಇದ್ದ. ಅಟ್ಲಾಂಟಾ ಜೈಲಿಗೆ ಹೋಗೋ ಡಿಕ್ಸಿ ಫ್ಲೈಯರ್ ರೈಲು ಅದು.

ಕಟ್ಟಿಗೆಮಿಲ್ಲು:
ಹಳೇಪುಟ ಅವರೇ, ಬರೆಯುವಾಗ ಅಳತೆ ಜೋಪಾನ. 31 ಅನ್ನೋದು ಅಮೆರಿಕದ ಗ್ಯಾಲನ್, ಒಂದಕ್ಕೆ 3.785 ಲೀಟರ್. ಬ್ರಿಟಿಷ್ ಗ್ಯಾಲನ್ 4.546 ಅಂತ ಹಿಡಿದರೆ ಪೀಪಾಯಿ 141 ಲೀಟರ್ ಆಗಿಬಿಡುತ್ತೆ, ಪುಸ್ತಕದ ಎಲ್ಲ ಲೆಕ್ಕವೂ ತಪ್ಪುತ್ತೆ.